ಚಳ್ಳಕೆರೆ ಕಡೆ ಕರಿ ಕಂಬಳಿ: ಗಾಳಿ ಫ್ಯಾನ್ ಗುಡ್ಡದಾಗೆ ಮೂರು ಮಳೆಗಾಲ ಹೊದ್ದ ಮೇಲೆ ಬರೀತಿರೋ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಇದು ಗಿಫ್ಟ್ ಬಂದಿದ್ದಲ್ಲ, ಯಾರೂ ಬರಿ ಅಂತ ಹೇಳಿಲ್ಲ, ನನ್ನ ಸ್ವಂತ ದುಡ್ಡು 2,600 ರೂಪಾಯಿ ಕೊಟ್ಟು 2022ರ ಜನವರೀಲಿ ತಂದಿದ್ದು. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅನ್ನೋದಕ್ಕೆ ಒಂದು ಕರಡಿ ಕಥೆ ಐತೆ, ಮುಂದೆ ಬರುತ್ತೆ.

ಮನೇಲಿ ಫ್ಯಾನ್ ಹಾಕ್ಕೊಂಡು ಮೆತ್ತಗೆ ಹೊದಿಯಕ್ಕೆ ಬೇಕು ಅನ್ನೋರು ಇಲ್ಲಿಗೇ ಓದೋದು ನಿಲ್ಲಿಸ್ಬಹುದು, ನಿಮಗೆ ಇದು ಆಗ್ಬರಲ್ಲ. ನಾನೂ ಫ್ಯಾನ್ ಕೆಳಗೇ ಮಲಗೋದು, ಆದ್ರೆ ನನ್ನ ಫ್ಯಾನು ಒಂದೊಂದೂ ಇಪ್ಪತ್ತು ಮಹಡಿ ಎತ್ತರ ಐತೆ. ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆ ಹೋಗೋವಾಗ ಗುಡ್ಡದ ನೆತ್ತಿ ಮೇಲೆ ಸಾಲಾಗಿ ಗಾಳಿಯಿಂದ ಕರೆಂಟ್ ಮಾಡೋ ಮಿಷನ್ನಿನ ಬಿಳಿ ರೆಕ್ಕೆ ತಿರುಗ್ತಿರ್ತಾವಲ್ಲ, ಅಂಥದ್ದೇ ಒಂದು ಗುಡ್ಡದಾಗೆ ನಾನು ನೈಟ್ ಸೆಕ್ಯೂರಿಟಿ. ಅದಕ್ಕೂ ಮುಂಚೆ ದಾವಣಗೆರೇಲಿ ಒಂದು ಮೊಬೈಲ್ ಅಂಗಡೀಲಿ ಒಂಬತ್ತು ವರ್ಷ ಕೆಲಸ ಮಾಡ್ದೆ, ಏಸಿ ಒಳಗೆ ನಿಂತ್ಕೊಂಡು ಟೆಂಪರ್ ಗ್ಲಾಸ್ ಅಂಟಿಸ್ತಾ ಇದ್ದೆ, ಕೊರೋನಾ ಆದ್ಮೇಲೆ ಅಂಗಡಿ ಮುಚ್ತು, ಮಾವನ ಮಗ ಒಬ್ಬ ಇಲ್ಲಿ ಟೆಕ್ನಿಷಿಯನ್ ಇದ್ದ, ಮೂರು ತಿಂಗಳು ಇರು ಆಮೇಲೆ ನೋಡೋಣ ಅಂದ. ಆ ಮೂರು ತಿಂಗಳು ಇನ್ನೂ ಮುಗಿದಿಲ್ಲ. ಸಂಬಳ ಅಂಗಡಿಗಿಂತ ಮೂರು ಸಾವಿರ ಕಮ್ಮಿ, ಅದನ್ನೂ ಹೇಳ್ಬಿಡ್ತೀನಿ, ಆಮೇಲೆ ಯಾರೂ ನನ್ನ ಮಾತು ಕೇಳಿ ಬಂದು ಬೈಬಾರ್ದು.

ಕೆಲಸ ಅಂದ್ರೆ ಇಷ್ಟೇ. ಹನ್ನೊಂದು ಫ್ಯಾನು, ಒಂದೊಂದರ ಬುಡದಲ್ಲೂ ಒಂದು ಕಬ್ಬಿಣದ ಬಾಗ್ಲು, ರಾತ್ರಿ ಎರಡು ರೌಂಡ್ ಹೋಗಿ ಬೀಗ ಅಲ್ಲಾಡಿಸಿ ನೋಡ್ಬೇಕು, ರಿಜಿಸ್ಟರಲ್ಲಿ ಟೈಮ್ ಬರೀಬೇಕು. ತಾಮ್ರದ ಕೇಬಲ್ಲಿಗೆ ಕಳ್ಳರು ಬರ್ತಾರೆ ಅಂತ ನಮ್ಮನ್ನ ಇಟ್ಟಿರೋದು. ಒಂದು ತಗಡಿನ ಶೆಡ್ಡು, ಎರಡು ಮಂಚ, ಒಂದು ಗ್ಯಾಸ್ ಒಲೆ. ನನ್ನ ಜೊತೆಗೆ ಒಬ್ಬ ಅಜ್ಜ ಇದಾರೆ, ಮೊದಲು ಕುರಿ ಕಾಯ್ತಿದ್ದೋರು, ಗುಡ್ಡದ ಒಂದೊಂದು ಕಲ್ಲಿಗೂ ಹೆಸರಿಟ್ಟೌರೆ.

ಈಗ ಗಾಳಿ ವಿಷಯ. ಟೆಕ್ನಿಷಿಯನ್‌ಗಳು ಹೇಳೋ ಪ್ರಕಾರ ಗಾಳಿ ಸೆಕೆಂಡಿಗೆ ಮೂರು ಮೀಟರ್ ಬಂದ್ರೆ ಸಾಕು ರೆಕ್ಕೆ ತಿರುಗಕ್ಕೆ ಶುರುವಾಗುತ್ತೆ, 25 ಮೀಟರ್ ಮುಟ್ಟಿದ್ರೆ ಮಿಷನ್ನೇ ಹೆದರಿ ತಾನಾಗೇ ನಿಂತ್ಕೊಳುತ್ತೆ. ಮಿಷನ್ ನಿಂತ್ಕೊಳ್ಳಬಹುದು, ವಾಚ್‌ಮನ್ ಎಲ್ಲಿ ನಿಂತ್ಕೊಳ್ಳೋದು? ಆಷಾಢದಾಗೆ ಗುಡ್ಡದ ಮೇಲೆ ನೆಟ್ಟಗೆ ನಡಿಯಕ್ಕೆ ಆಗಲ್ಲ, ಬಾಯಿ ತೆಗೆದ್ರೆ ಗಾಳಿ ಒಳಗೆ ಹೋಗಿ ಮಾತು ವಾಪಸ್ ತಳ್ಳುತ್ತೆ. ಕಂಪನಿಗೆ ಬೇಕಾಗಿರೋದೇ ಆ ಗಾಳಿ, ಅದಕ್ಕೇ ಹುಡುಕಿ ಹುಡುಕಿ ಗಾಳಿ ಜಾಸ್ತಿ ಇರೋ ಜಾಗದಲ್ಲೇ ಫ್ಯಾನ್ ನೆಟ್ಟೌರೆ, ಅದರ ಬುಡದಲ್ಲಿ ನಮ್ಮನ್ನೂ ನೆಟ್ಟೌರೆ.

ಬಂದ ಹೊಸದ್ರಲ್ಲಿ ನಾನು ಬಲು ಬುದ್ಧಿವಂತ, ಆನ್‌ಲೈನಲ್ಲಿ ಸ್ಲೀಪಿಂಗ್ ಬ್ಯಾಗ್ ತರಿಸ್ದೆ. ಸೊನ್ನೆ ಡಿಗ್ರಿಗೂ ನಡಿಯುತ್ತೆ ಅಂತ ಬರ್ದಿದ್ರು. ಬೆಚ್ಚಗೇನೋ ಇತ್ತು, ಸುಳ್ಳು ಹೇಳ್ಬಾರ್ದು. ಆದ್ರೆ ಯೋಚನೆ ಮಾಡ್ರಿ, ಸದ್ದಾದ್ರೆ ಎದ್ದು ಓಡಬೇಕಾದ ಕೆಲಸದವನು ಚೀಲದೊಳಗೆ ಕಾಲು ಕಟ್ಟಿಸ್ಕೊಂಡು ಮಲಗಿದ್ರೆ ಹೆಂಗೆ? ಒಂದಿನ ರಾತ್ರಿ ನಾಯಿ ಬೊಗಳ್ತು ಅಂತ ಎದ್ದವನು ಜಿಪ್ ಸಿಕ್ಕಾಕ್ಕೊಂಡು ದುಬಕ್ ಅಂತ ಮಂಚದಿಂದ ಬಿದ್ದೆ, ಅಜ್ಜ ಟಾರ್ಚ್ ಹಿಡ್ಕೊಂಡು ನಗ್ತಾ ನಿಂತಿದ್ರು, ಹೊರಗೆ ಇದ್ದಿದ್ದು ಬರೀ ಮುಳ್ಳಹಂದಿ. ಆಮೇಲೆ ಬೆಂಕಿ ಕಾಯಿಸ್ಕೊಳ್ಳೋವಾಗ ಒಂದು ಕಿಡಿ ಬಿತ್ತು ನೋಡ್ರಿ, ನೈಲಾನ್ ಅಷ್ಟಗಲ ತೂತು ಬಿದ್ದು ಒಳಗಿನ ಹತ್ತಿ ಥರದ್ದು ಹೊರಗೆ ಬಂತು, ಅಲ್ಲಿಗೆ ಅದರ ಕಥೆ ಮುಗೀತು.

ಎರಡನೇ ಸಲ ಅಜ್ಜನ ಮಾತು ಕೇಳಿ ಕಂಬಳಿ ಅಂತಲೇ ತಗೊಂಡೆ, ಆದ್ರೆ ಅವಸರಕ್ಕೆ ಪೇಟೇಲಿ ಒಂದು ಅಂಗಡೀಲಿ. ಹೆಸರು ಬೇಡ ಬಿಡ್ರಿ. 700 ರೂಪಾಯಿ, ಪಕ್ಕಾ ಕುರಿ ಉಣ್ಣೆ ಸಾರ್ ಅಂದ್ರು, ಕರ್ರಗೆ ಮಿರಮಿರ ಮಿಂಚ್ತಿತ್ತು. ಮೊದಲ್ನೇ ಮಳೇಲಿ ನೆನೀತು, ಬೆಳಿಗ್ಗೆ ಬನೀನು ಕಪ್ಪು, ಕುತ್ತಿಗೆ ಕಪ್ಪು, ಕಿವಿ ಕಪ್ಪು. ಅಜ್ಜ ಅಂಚಿಂದ ನಾಲ್ಕು ಎಳೆ ಕಿತ್ತು ಬೆಂಕಿಕಡ್ಡಿ ಗೀರಿ ತೋರ್ಸಿದ್ರು. ಪ್ಲಾಸ್ಟಿಕ್ ಥರ ಕರಗಿ ಗುಂಡುಪಿನ್ನಿನ ತಲೆಯಷ್ಟು ಗಟ್ಟಿ ಮಣಿ ಆಯ್ತು. "ಕುರಿ ಮೈಮೇಲೆ ಮಣಿ ಬೆಳಿಯಲ್ಲ ತಮ್ಮಾ" ಅಂದ್ರು, ಅಷ್ಟೇ, ಬೈಲಿಲ್ಲ. ಇದು ಯಾರು ಬೇಕಾದ್ರೂ ಮಾಡಬಹುದಾದ ಟೆಸ್ಟು: ನಿಜವಾದ ಉಣ್ಣೆ ಆದ್ರೆ ತಲೆಕೂದಲು ಸುಟ್ಟ ವಾಸನೆ ಬರುತ್ತೆ, ಬೆಂಕಿ ತೆಗೆದ ತಕ್ಷಣ ಆರಿಹೋಗುತ್ತೆ, ಬೆರಳಲ್ಲಿ ಉಜ್ಜಿದ್ರೆ ಬೂದಿ ಪುಡಿ ಆಗುತ್ತೆ. ಅಂಗಡಿಯವರು ಎಳೆ ಕೀಳಕ್ಕೆ ಬಿಡ್ಲಿಲ್ಲ ಅಂದ್ರೆ ಅಲ್ಲಿಂದ ಹೊರಡ್ರಿ.

ಅಸಲಿದು ಸಿಕ್ಕಿದ್ದು ಚಳ್ಳಕೆರೆ ಹತ್ರ ಒಂದು ಹಳ್ಳೀಲಿ, ಅಜ್ಜನ ಬೀಗರ ಕಡೆಯವರು, ಮನೇಲೇ ಗುಂಡಿ ಮಗ್ಗ, ಅಂದ್ರೆ ನೆಲದ ಗುಂಡೀಲಿ ಕಾಲು ಇಳಿಬಿಟ್ಟು ಕೂತು ನೇಯೋ ಮಗ್ಗ, ಇಟ್ಕೊಂಡಿರೋ ಕುರುಬರ ಮನೆ. ಚಳ್ಳಕೆರೆ ಅಂದ್ರೆ ನಮ್ಮ ಕಡೆ ಎಣ್ಣೆ ಮಿಲ್ಲು, ಶೇಂಗಾ ಅಂತಾರೆ, ನನಗೂ ಅಷ್ಟೇ ಗೊತ್ತಿದ್ದಿದ್ದು, ಕಂಬಳಿಗೂ ಅದು ಹೆಸರುವಾಸಿ ಅಂತ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ. ಪಡಸಾಲೇಲಿ ಒಬ್ಬ ಅಮ್ಮ ಕಾಲು ಚಾಚ್ಕೊಂಡು ರಾಟೇಲಿ ನೂಲು ತೆಗೀತಿದ್ರು, ಕಣ್ಣು ಟಿವಿ ಧಾರಾವಾಹಿ ಮೇಲೆ, ಕೈ ಮಾತ್ರ ತನ್ನ ಪಾಡಿಗೆ ತಾನು, ಎಳೆ ಒಂದ್ಸಲಾನೂ ತುಂಡಾಗ್ಲಿಲ್ಲ. ಕುರಿ ವರ್ಷಕ್ಕೆ ಎರಡು ಸಲ ಕತ್ತರಿಸ್ತಾರೆ, ಆ ಉಣ್ಣೆ ಹಿಂಜಿ, ನೂತು, ಹಾಸಿನ ನೂಲಿಗೆ, ಅಂದ್ರೆ ಉದ್ದಕ್ಕೆ ಬರೋ ಎಳೆಗೆ, ಹುಣಸೆ ಬೀಜದ ಗಂಜಿ ಬಳೀತಾರೆ. ಬೀಜ ಹುರಿದು, ನೆನೆಸಿ, ರುಬ್ಬಿ, ಕುದಿಸಿ ಮಾಡೋ ಗಂಜಿ ಅದು. ಅಂಗಳದಲ್ಲಿ ನೂಲು ಎಳೆದು ಕಟ್ಟಿ ಬ್ರಷ್ಷಲ್ಲಿ ಬಳೀತಿದ್ರು, ನಾನು ಗೋಡೆಗೆ ಪೇಂಟ್ ಹೊಡಿಯೋರು ಅನ್ಕೊಂಡೆ. ಆ ಗಂಜಿಯಿಂದಲೇ ಹೊಸ ಕಂಬಳಿ ಅಷ್ಟು ಬಿರುಸಾಗಿರೋದು. ಬಣ್ಣ ಗಿಣ್ಣ ಏನಿಲ್ಲ, ಕರಿ ಕುರಿದು ಕರಿ ಕಂಬಳಿ, ಬೆಳಕಿಗೆ ಹಿಡಿದ್ರೆ ಪೂರ್ತಿ ಕಪ್ಪೂ ಅಲ್ಲ, ಕಾಫಿ ಬಣ್ಣದ ಎಳೆ ನಡುವೆ ನಡುವೆ ಕಾಣುತ್ತೆ. ಹಂಗೆ ಕಂಡ್ರೇನೇ ನಂಬ್ರಿ.

ರೇಟು ಕಮ್ಮಿ ಮಾಡ್ರಿ ಅಂತ ಶೋರೂಮ್ ಅಭ್ಯಾಸಕ್ಕೆ ಬಾಯಿ ಬಿಟ್ಟೆ. ನೇಯೋ ಯಜಮಾನ್ರು ಏನೂ ಮಾತಾಡ್ಲಿಲ್ಲ, ಗುಂಡಿಯಿಂದ ಎದ್ದು ನೀನೇ ಕೂತ್ಕೋ ಬಾ ಅಂತ ಸನ್ನೆ ಮಾಡಿದ್ರು. ಹತ್ತು ನಿಮಿಷ ಕೂತೆ. ನಾನು ನೇಯ್ದಿದ್ದು ಅರ್ಧ ಬೆರಳಗಲ, ಅದನ್ನೂ ಅವರು ಬಿಚ್ಚಿ ಮತ್ತೆ ನೇಯ್ದರು. 2,600 ಎಣಿಸಿ ಕೊಟ್ಟೆ.

ಮೊದಲ್ನೇ ತಿಂಗಳು ನರಕ. ಯಾರಾದ್ರೂ ಅಸಲಿ ಕಂಬಳಿ ಮೊದಲ ದಿನದಿಂದ ಮೆತ್ತಗಿರುತ್ತೆ ಅಂದ್ರೆ ಅವರು ಹೊದ್ದೇ ಇಲ್ಲ ಅಂತ ಅರ್ಥ. ಚುಚ್ಚುತ್ತೆ, ಕುತ್ತಿಗೆ ಹತ್ರ ಕೆಂಪಗೆ ದದ್ದು ಏಳುತ್ತೆ, ಮಡಚಿದ್ರೆ ರಟ್ಟಿನ ಥರ ನಿಂತ್ಕೊಳುತ್ತೆ, ಕುರಿ ವಾಸನೆ ಅಂತೂ ಬಿಡ್ರಿ. ಮೊದಲ್ನೇ ಸಲ ರಜಕ್ಕೆ ಮನೆಗೆ ತಗೊಂಡು ಹೋದಾಗ ನಮ್ಮನೇಳು ಬಾಗ್ಲಲ್ಲೇ "ಅದು ಒಳಗೆ ಬಂದ್ರೆ ನಾನು ಹೊರಗೆ" ಅಂದ್ಳು, ಅದು ಮೂರು ದಿನ ಬೈಕಿನ ಮೇಲೇ ಇತ್ತು. ಇನ್ನೊಂದು, ಗಂಜಿ ರುಚಿಗೆ ಇಲಿ ಬರುತ್ತೆ. ಒಂದು ಮೂಲೆ ನಾಲ್ಕು ಬೆರಳಷ್ಟು ತಿಂದ್ಬಿಡ್ತು. ಎರಡು ಮೂರು ಸಲ ತಣ್ಣೀರಲ್ಲಿ ನೆನೆಸಿ ತುಳಿದು ಹಿಂಡಿದ ಮೇಲೆ ಗಂಜಿ ಬಿಡ್ತು, ಆಮೇಲೆ ಇಲಿನೂ ಬಿಡ್ತು. ಕೆಳಗೊಂದು ಹಳೇ ಪಂಚೆ ಹೊದ್ದು ಮೇಲೆ ಕಂಬಳಿ ಹಾಕ್ಕೊಂಡ್ರೆ ಚುಚ್ಚಲ್ಲ ಅನ್ನೋದನ್ನ ಅಜ್ಜ ಒಂದು ತಿಂಗಳು ಹೇಳದೇ ಇದ್ರು. ಯಾಕೆ ಹೇಳ್ಲಿಲ್ಲ ಅಂದ್ರೆ "ನೀನು ಕೇಳ್ಲಿಲ್ಲ" ಅಂತಾರೆ. ಕಂಬಳಿ ಮೇಲೆ ಕೂತು ಉಣ್ಣೋವಾಗ ಕೂದಲು ಬಂತು ಅಂತ ಗೋಳಾಡಬಾರ್ದು ಅನ್ನೋ ಗಾದೆ ಬೇರೆ ಹೇಳಿದ್ರು.

ಅಸಲಿ ಪರೀಕ್ಷೆ ಆಗಿದ್ದು ಆ ವರ್ಷದ ಮಳೇಲಿ. 2022, ನಿಮಗೆ ನೆನಪಿರ್ಬೇಕು, 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ 89 ವರ್ಷ ಆದ್ಮೇಲೆ ಮತ್ತೆ ಕೋಡಿ ಬಿತ್ತಲ್ಲ, ಊರು ಊರೇ ಟ್ರಾಕ್ಟರ್ ಮಾಡ್ಕೊಂಡು ನೋಡಕ್ಕೆ ಹೋಗಿದ್ರು, ನಾವಿಬ್ರು ಮಾತ್ರ ಗುಡ್ಡದ ಮೇಲೆ ನೆನೀತಾ ಕೂತಿದ್ವಿ. ರೇನ್‌ಕೋಟ್ ಕಂಪನಿ ಕೊಟ್ಟಿದ್ರು, ಆ ಗಾಳಿಗೆ ಅದು ಪಟಪಟ ಅಂತ ಬಡ್ಕೊಂಡು ಎರಡೇ ವಾರಕ್ಕೆ ಬಗಲಲ್ಲಿ ಹರೀತು. ಅಜ್ಜ ಆಗ ಕಂಬಳಿ ಕೊಪ್ಪೆ ಹಾಕೋದು ಕಲಿಸಿದ್ರು. ಒಂದು ಮೂಲೆ ಒಳಗೆ ಮಡಚಿ ತಲೆಗೆ ಟೋಪಿ ಥರ ಮಾಡ್ಕೊಂಡು ಬೆನ್ನ ಮೇಲೆ ಇಳಿಬಿಡೋದು, ಎರಡೂ ಕೈ ಫ್ರೀ ಇರ್ತಾವೆ, ಒಂದ್ರಲ್ಲಿ ಟಾರ್ಚು, ಒಂದ್ರಲ್ಲಿ ದೊಣ್ಣೆ. ಕಂಬಳಿ ನೀರು ತಡಿಯುತ್ತೆ ಅಂತ ಪೂರ್ತಿ ನಂಬಬೇಡ್ರಿ. ಸಣ್ಣ ಮಳೆ, ಹನಿ ಮಳೆ ಆದ್ರೆ ಹನಿ ಮೇಲೇ ಕೂತಿರುತ್ತೆ, ಕೊಡವಿದ್ರೆ ಹೋಗುತ್ತೆ, ಜೋರು ಮಳೇಲಿ ಅರ್ಧ ಗಂಟೆಗೆ ನೀರು ಕುಡಿಯುತ್ತೆ, ಆಮೇಲೆ ಒಂದು ಕುರಿಮರಿ ಹೊತ್ಕೊಂಡಂಗೆ ಭಾರ ಆಗುತ್ತೆ. ಆದ್ರೆ ನೆಂದ್ರೂ ಬೆಚ್ಚಗೇ ಇರುತ್ತೆ, ಇದು ನಾನೇ ಮೈಯ್ಯಾರೆ ನೋಡಿರೋ ಮಾತು, ಹತ್ತಿ ಬಟ್ಟೆಗೆ ಇದು ಆಗಲ್ಲ.

ಈಗ ಕಟ್ ಆದ ಸ್ಟಾರ್. ಸೀತಾಫಲದ ಕಾಲ, ನಮ್ಮ ಗುಡ್ಡದ ಬುಡದಲ್ಲೆಲ್ಲಾ ಸೀತಾಫಲ, ಅದಕ್ಕೆ ಕರಡಿ ಬರ್ತಾವೆ. ಬೆಳಗಿನ ಜಾವ ನಾಲ್ಕೂವರೆ, ಏಳನೇ ಫ್ಯಾನ್ ಹತ್ರ ಕಾಲು ನೋವು ಅಂತ ಕಲ್ಲಿಗೆ ಒರಗಿ ಕಂಬಳಿ ಮುಚ್ಕೊಂಡು ಕೂತಿದ್ದೆ. ಮೂವತ್ತು ಹೆಜ್ಜೆ ದೂರದಲ್ಲಿ ಒಂದು ಗೆದ್ದಲು ಹುತ್ತ. ಅಲ್ಲಿ ಉಫ್ ಅಂತ ಊದಿದಂಗೆ, ಆಮೇಲೆ ಸೊರ್ರ್ ಅಂತ ಹೀರಿದಂಗೆ ಸದ್ದು, ಯಾರೋ ಬಿಸಿ ಬಿಸಿ ಸಾರು ತಟ್ಟೇಲಿ ಹಾಕ್ಕೊಂಡು ಕುಡೀತಿರೋ ಥರ. ಊದೋದು ಮಣ್ಣು ಹಾರಿಸಕ್ಕೆ, ಹೀರೋದು ಗೆದ್ದಲು ತಿನ್ನಕ್ಕೆ. ನಾನು ಟಾರ್ಚ್ ಹಾಕ್ಲಿಲ್ಲ, ಉಸಿರೂ ಬಿಡ್ಲಿಲ್ಲ, ಗಾಳಿ ಅದರ ಕಡೆಯಿಂದ ನನ್ನ ಕಡೆಗೆ ಬೀಸ್ತಿತ್ತು, ಅದೇ ಉಳಿಸಿದ್ದು. ಕಾಲು ಗಂಟೆ ತಿಂದು, ಮೈ ಕೊಡವ್ಕೊಂಡು, ಹಿಂಭಾಗ ಕುಣಿಸ್ತಾ ಇಳಿದು ಹೋಯ್ತು. ಧೈರ್ಯವಂತ ಅನ್ಕೋಬೇಡ್ರಿ, ಎದ್ದು ನಿಂತಾಗ ಮೊಣಕಾಲು ನಂದಲ್ಲ ಅನ್ನಿಸ್ತು.

ಕಥೆ ಅಲ್ಲಿಗೆ ಮುಗೀಲಿಲ್ಲ. ಕೊಪ್ಪೆ ಹಾಕ್ಕೊಂಡು ಬಗ್ಗಿ ಬಗ್ಗಿ ಶೆಡ್ ಕಡೆ ಓಡಿ ಬರ್ತಿದ್ದೀನಿ, ಅಜ್ಜ ಒಂದಕ್ಕೆ ಅಂತ ಹೊರಗೆ ಬಂದೋರು ನನ್ನ ನೋಡಿ "ಕರಡೀ" ಅಂತ ಕೂಗಿ ಕಲ್ಲು ಬೀಸಿದ್ರು. ಕುರಿ ಕಾದ ಕೈ, ಗುರಿ ತಪ್ಪಲ್ಲ. ಭುಜಕ್ಕೆ ಬಿತ್ತು, ಎರಡು ಪದರ ಕಂಬಳಿ ಮಡಿಕೆ ಇದ್ದಿದ್ದಕ್ಕೆ ಮೂಳೆ ಉಳೀತು. ಒಂದು ಸ್ಟಾರ್ ಅದಕ್ಕೇ ಕಟ್. ರಾತ್ರಿ ಕೆಲಸದವರು ಕರಿ ಕಂಬಳಿ ತಗೊಂಡ್ರೆ ಬೆನ್ನಿಗೆ ಒಂದು ರೇಡಿಯಂ ಪಟ್ಟಿ ಹೊಲಿಸ್ಕೊಳ್ರಿ, ನಾನು ಹಳೇ ಸೆಕ್ಯೂರಿಟಿ ಜಾಕೆಟ್ಟಿಂದು ಕಿತ್ತು ಹೊಲ್ಕೊಂಡೆ.

ಅವತ್ತು ರಿಜಿಸ್ಟರಲ್ಲಿ ಟೈಮ್ ಬರೆದ್ಮೇಲೆ ರಿಮಾರ್ಕ್ಸ್ ಜಾಗದಲ್ಲಿ "4.30, ಕರಡಿ 1, 7ನೇ ಫ್ಯಾನ್, ಹುತ್ತ" ಅಂತ ಬರೆದೆ. ಆಮೇಲೆ ಅಭ್ಯಾಸ ಆಯ್ತು. ನವಿಲು ಎಷ್ಟು, ಪುನುಗು ಬೆಕ್ಕು ಯಾವ ದಾರೀಲಿ, ಕಾಡುಹಂದಿ ಮರಿ ಹಾಕಿದ್ದು ಯಾವಾಗ. ಸೂಪರ್‌ವೈಸರ್ ತಿಂಗಳಿಗೊಂದ್ಸಲ ಬಂದು "ಇದನ್ನೆಲ್ಲಾ ಯಾರು ಕೇಳಿದ್ರು ನಿನಗೆ" ಅಂತಾರೆ, ಯಾರೂ ಕೇಳಿಲ್ಲ ಸಾರ್ ಅಂತೀನಿ. ಒಂಬತ್ತು ವರ್ಷ ಅಂಗಡೀಲಿ ದಿನಾ ಸ್ಟಾಕ್ ಬರೆದವನು ನಾನು, ಒಂದು ದಿನದ್ದೂ ನೆನಪಿಲ್ಲ. ಇಲ್ಲಿ ಬರೆದಿದ್ದು ಯಾವ ಪೇಜ್ ತೆಗೆದ್ರೂ ಆವತ್ತಿನ ಗಾಳಿ ಯಾವ ಕಡೆಯಿಂದ ಬಂತು ಅಂತ ಹೇಳ್ತೀನಿ. ಈಗ ಕಣ್ಣು ಮುಚ್ಕೊಂಡು ಮಲಗಿದ್ರೂ ರೆಕ್ಕೆ ಸದ್ದಿನ ಮೇಲೆ ಎಷ್ಟನೇ ಫ್ಯಾನ್ ನಿಂತಿದೆ ಅಂತ ಗೊತ್ತಾಗುತ್ತೆ, ಎರಡು ಸಲ ಕಂಟ್ರೋಲ್ ರೂಮಿಗಿಂತ ಮುಂಚೆ ನಾನೇ ಫೋನ್ ಮಾಡಿದೀನಿ. ನಮ್ಮನೇಳು ವಾಪಸ್ ಬಾ, ಇನ್ನೊಂದು ಅಂಗಡಿ ಓಪನ್ ಆಗೈತೆ ಅಂತಿದ್ಲು, ಆಮೇಲೆ ಒಂದ್ಸಲ ಮಗಳ ಜೊತೆ ಬಂದು ಎರಡು ದಿನ ಇದ್ದು ಹೋದ್ಳು, ಸಂಜೆ ಜೋಗಿಮಟ್ಟಿ ಗುಡ್ಡದ ಕಡೆ ಮೋಡ ನೆಲ ಮುಟ್ಟೋದು ನೋಡ್ತಾ ಕೂತಿದ್ಲು, ವಾಪಸ್ ಬಾ ಅನ್ನೋದು ಅವತ್ತಿಂದ ಬಿಟ್ಳು. ಮಂಡಕ್ಕಿ ಮಿರ್ಚಿ ನೆನಪಾಗುತ್ತೆ, ಅದು ಬೇರೆ ವಿಷಯ, ಬಸ್ಸಲ್ಲಿ ಬರೋರ ಕೈಲಿ ತರಿಸ್ಕೊತೀನಿ.

ಕಂಬಳಿಗೆ ವಾಪಸ್ ಬರೋಣ. 2023ರಲ್ಲಿ ಬರ ಬಿತ್ತು, ಗುಡ್ಡ ಪೂರ್ತಿ ಒಣಗಿ ಬಾದೆಹುಲ್ಲು ಸೊಂಟದೆತ್ತರ ಕಡ್ಡಿ ಕಡ್ಡಿ ಆಗಿತ್ತು. ಮಾರನೇ ಬೇಸಿಗೆ, 2024 ಮಾರ್ಚ್, ಮಧ್ಯಾಹ್ನ ಕೆಳಗಡೆ ಯಾರೋ ಬೀಡಿ ಎಸೆದ್ರೋ ಬೇಕಂತ ಹಚ್ಚಿದ್ರೋ, ಬೆಂಕಿ ಮೇಲೆ ಹತ್ತಕ್ಕೆ ಶುರುವಾಯ್ತು. ಅರಣ್ಯ ಇಲಾಖೆಗೆ ಫೋನ್ ಮಾಡಿದ್ವಿ, ಅವರು ಬರೋ ದಾರಿ ದೂರ. ನಾನು ಬಂದ್ರೆ ಗಿಡದ ಸೊಪ್ಪು ಮುರ್ಕೊಂಡು ಬಡೀತಿದ್ದೆ, ಬಡಿದ ಕಡೆ ಆರುತ್ತೆ, ಮುಂದೆ ಹೋದ್ರೆ ಹಿಂದೆ ಮತ್ತೆ ಹತ್ಕೊಳುತ್ತೆ. ಅಜ್ಜ ಕುಡಿಯೋ ನೀರಿನ ಕ್ಯಾನ್ ಪೂರ್ತಿ ನನ್ನ ಕಂಬಳಿ ಮೇಲೆ ಸುರಿದ್ರು, ಕೇಳ್ಲೂ ಇಲ್ಲ, ನಂದೇ ಯಾಕೆ ಅಂದ್ರೆ ಅವರದ್ದು ಹಳೇದಂತೆ. ಒಂದು ಕಡೆ ಅವರು, ಒಂದು ಕಡೆ ನಾನು ಹಿಡ್ಕೊಂಡು ಬೆಂಕಿ ಸಾಲಿನ ಮೇಲೆ ಹಾಸೋದು, ತುಳಿಯೋದು, ಎಳ್ಕೊಂಡು ಮುಂದೆ ಹೋಗೋದು. ಹಬೆ ಮುಖಕ್ಕೆ ಬರ್ತಿತ್ತು, ಗುಡ್ಡದ ತುಂಬಾ ತಲೆಕೂದಲು ಸುಟ್ಟ ವಾಸನೆ. ಒಂದೂವರೆ ಗಂಟೆ. ಇಲಾಖೆ ಹುಡುಗ್ರು ಐದು ಜನ ಓಡಿ ಬರೋ ಹೊತ್ತಿಗೆ ಸಾಲು ಬಂಡೆ ಹತ್ರ ನಿಂತಿತ್ತು, ಉಳಿದಿದ್ದು ಅವರು ನಂದಿಸಿದ್ರು. ಅದರಲ್ಲಿ ಒಬ್ರು ಗಾರ್ಡು ಆಮೇಲೆ ಶೆಡ್ಡಲ್ಲಿ ಟೀ ಕುಡೀತಾ ನನ್ನ ರಿಜಿಸ್ಟರ್ ತಿರುವಿ ಹಾಕಿ, ಕರಡಿ ಬರೆದಿರೋ ಪೇಜ್‌ಗಳನ್ನೆಲ್ಲಾ ಫೋಟೋ ತಕ್ಕೊಂಡು ಹೋದ್ರು. ನಾನು ಸೂಪರ್‌ವೈಸರ್‌ಗೆ ಇನ್ನೂ ಹೇಳಿಲ್ಲ.

ಕಂಬಳಿ ಸತ್ತೇ ಹೋಯ್ತು ಅನ್ಕೊಂಡಿದ್ದೆ. ಒಗೆದು ನೆರಳಲ್ಲಿ ಒಣಗಿಸಿದ್ರೆ ಒಂದು ಅಂಚು ಕರಕಲು, ನಡುವೆ ಅಂಗೈ ಅಗಲ ಒಂದು ತೂತು, ಮಿಕ್ಕಿದ್ದೆಲ್ಲಾ ಗಟ್ಟಿ. ಸ್ಲೀಪಿಂಗ್ ಬ್ಯಾಗಿಗೆ ಬಿದ್ದಿದ್ದು ಒಂದೇ ಕಿಡಿ, ಲೆಕ್ಕ ನೀವೇ ಹಾಕ್ಕೊಳ್ರಿ.

ತಗೊಳ್ಳೋರಿಗೆ ಇನ್ನೆರಡು ಮಾತು. ಸೋಪಿನ ಪುಡಿ, ಬಿಸಿನೀರು, ವಾಷಿಂಗ್ ಮಿಷನ್ ಮೂರೂ ಬೇಡ, ಅಂಟುವಾಳದ ನೊರೆ ಸಾಕು, ಅದೂ ವರ್ಷಕ್ಕೆ ಒಂದೆರಡು ಸಲ. ಬೇಸಿಗೇಲಿ ಮಡಚಿ ಇಡೋವಾಗ ಬೇವಿನ ಸೊಪ್ಪು ಹಾಕ್ರಿ, ಇಲ್ಲಾಂದ್ರೆ ನುಸಿ ಬಿದ್ದು ಜಾಲರಿ ಮಾಡುತ್ತೆ. ಕಂಬಳಿ ಹಾಸಿದ್ರೆ ಹಾವು ಬರಲ್ಲ ಅಂತ ಅಜ್ಜ ಅಂತಾರೆ, ಚುಚ್ಚುತ್ತಂತೆ ಅದಕ್ಕೆ, ನಾನು ಮಾತ್ರ ಮಂಚದ ಮೇಲೇ ಮಲಗ್ತೀನಿ. ಮಕ್ಕಳಿಗೆ, ಅಲರ್ಜಿ ಇರೋರಿಗೆ ಬೇಡ. ಹೊಲ ಕಾಯೋರು, ರಾತ್ರಿ ನೀರು ಕಟ್ಟೋರು, ಲಾರಿ ಮೇಲೆ ಮಲಗೋರು, ನನ್ನಂಥೋರು, ಕಣ್ಣುಮುಚ್ಚಿ ತಗೊಳ್ರಿ. ಆನ್‌ಲೈನಲ್ಲಿ ಫೋಟೋ ನೋಡಿ ತಗೋಬೇಡ್ರಿ, ಮಗ್ಗ ಇರೋ ಮನೆಗೆ ಹೋಗಿ, ಕೈಯಲ್ಲಿ ಹಿಡಿದು, ಎಳೆ ಸುಟ್ಟು ತಗೊಳ್ರಿ.

ತೂತು ಹೊಲಿಸಕ್ಕೆ ಅದೇ ನೇಯೋ ಯಜಮಾನ್ರಿಗೆ ಫೋನ್ ಮಾಡಿದ್ದೆ. ಇರೋ ನೂಲೆಲ್ಲಾ ಆರ್ಡರಿಗೆ ಹೋಯ್ತು, ಮುಂದಿನ ಸಲ ಕುರಿ ಕತ್ತರಿಸಿದ ಮೇಲೆ ತಗೊಂಡು ಬಾ, ಅದೇ ಬಣ್ಣದ ಎಳೆ ನೋಡಿ ಹಾಕ್ತೀನಿ ಅಂದ್ರು. ಅಲ್ಲಿವರೆಗೆ ತೂತಿರೋ ಕಡೆ ಕಾಲಿಗೆ ಬರಂಗೆ ಹೊದೀತಿದೀನಿ, ನಿದ್ದೇಲಿ ಹೆಬ್ಬೆರಳು ಅದರೊಳಗೆ ಹೋಗಿ ಹೊರಗೆ ಬಂದಿರುತ್ತೆ, ಮೂರು ಗಂಟೆ ಗಾಳಿಗೆ ಅದು ತಣ್ಣಗಾಗಿ ಎಚ್ಚರ ಆಗುತ್ತೆ. ಎರಡನೇ ರೌಂಡಿಗೆ ಅಲಾರಾಂ ಇಡೋದು ಬಿಟ್ಟಿದೀನಿ.